ಭಾವನವರ ಸೆಕೆಂಡ್‌ಹ್ಯಾಂಡ್ ಅಡುಗೆಮನೆ

ನನ್ನ ಭಾವ ಹೃಷೀಕೇಶ ರಾಯರು ನವಿ ಮುಂಬಯಿಯ ತುರ್ಭೆಯಲ್ಲಿ ನಲವತ್ತು ವರ್ಷದ ಹತ್ತಿರ ಹತ್ತಿರ ಊಟದ ಹೋಟೆಲ್ ನಡೆಸಿದರು. ಲಾರಿಗೆ ಮೂಟೆ ಹೇರುವವರು, ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು, ಟೈ ಕಟ್ಟಿದ ಆಫೀಸಿನವರು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಅವರ ಸಾರು ಸುರಿದುಕೊಂಡು ಉಂಡಿದ್ದಾರೆ. ಉಣ್ಣದೆ ಉಳಿದ ಒಂದೇ ಜೀವ ಅವರ ಹೆಂಡತಿ, ಅಂದರೆ ನನ್ನ ಅಕ್ಕ ಸತ್ಯಭಾಮೆ. ಮಧ್ಯಾಹ್ನದ ಗಿರಾಕಿಗಳ ಗದ್ದಲ ಮುಗಿದ ಮೇಲೆ ಭಾವ ಘಣಸೋಲಿಯ ಮನೆಗೆ ಬಂದು, ಅಕ್ಕ ಮಾಡಿದ್ದನ್ನು ಉಂಡು, ಮತ್ತೆ ಗಲ್ಲಾದ ಮೇಲೆ ಕೂರಲು ಓಡುತ್ತಿದ್ದರು. ಅಕ್ಕ ಮಾತ್ರ ಆ ಹೋಟೆಲಿನ ಒಂದು ಲೋಟ ನೀರನ್ನೂ ಕುಡಿದವಳಲ್ಲ.

ಇದಕ್ಕೆ ಗಂಡಹೆಂಡಿರ ಜಗಳ ಕಾರಣವಲ್ಲ. ಕಾರಣ ಮಡಿ. ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಹಿಂದೆ ಹೆಂಗಸರು ಸ್ನಾನ ಮಾಡಿ, ಒದ್ದೆಬಟ್ಟೆಯಲ್ಲಿ ಒಲೆ ಹೊತ್ತಿಸಿ, ಇನ್ನೊಬ್ಬರು ಮುಟ್ಟದ ಪಾತ್ರೆಯಲ್ಲಿ ಬೇಯಿಸುತ್ತಿದ್ದರಲ್ಲ, ಅದೇ. ಎಲ್ಲರೂ ಬಿಟ್ಟರೂ ಅಕ್ಕ ಬಿಡಲಿಲ್ಲ. ನನಗೆ ಈ ಮಡಿಗಿಡಿ ಎಲ್ಲ ಕಂಡರೆ ತಲೆಬಿಸಿ. ನಾನು ಹುಡುಗನಾಗಿದ್ದಾಗಲೇ ಡೊಂಬಿವಲಿ ಸೇರಿದವನು, ಲೋಕಲ್ ಟ್ರೇನಿನಲ್ಲಿ ನೇತಾಡಿ ಕೆಲಸಕ್ಕೆ ಹೋದವನು, ಸ್ಟೇಷನ್ನಿನ ಹೊರಗೆ ಏನು ಸಿಕ್ಕಿತೋ ಅದನ್ನು ತಿಂದು ಬೆಳೆದವನು. ಆದರೆ ಒಂದು ಮಾತು ಅಕ್ಕನ ಪರವಾಗಿ ಹೇಳಬೇಕು. ಅವಳು ಹೊರಗಿನದ್ದು ತಿನ್ನದಿರುವುದು ಪಾಪದ ಹೆದರಿಕೆಯಿಂದಲ್ಲ. ತಿಂದರೆ ನಿಜವಾಗಿಯೂ ವಾಂತಿಯಾಗುತ್ತದೆ. ಚಿಕ್ಕಂದಿನಿಂದ ಮೈಗೆ ಹತ್ತಿಸಿದ ಅಭ್ಯಾಸ, ಈಗ ಮೈಯೇ ಅವಳ ಮಾತು ಕೇಳುವುದಿಲ್ಲ.

ಹೀಗಾಗಿ ಅಕ್ಕನ ಪ್ರಪಂಚಕ್ಕೆ ಒಂದು ಗಡಿ ಬಿದ್ದುಬಿಟ್ಟಿತು. ಡಬ್ಬಿಯಲ್ಲಿ ಕಟ್ಟಿಕೊಂಡ ಮೊಸರನ್ನ ಹುಳಿಯಾಗುವುದರೊಳಗೆ ಎಷ್ಟು ದೂರ ಹೋಗಬಹುದೋ ಅಷ್ಟು. ಉಡುಪಿಗೆ ಹೋಗಬಹುದು, ರೈಲಿಳಿದರೆ ಅಲ್ಲಿ ತವರಿನ ಅಡುಗೆಮನೆ ಇರುತ್ತದೆ. ನಾಸಿಕಕ್ಕೆ ಹೋಗಿ ಬರಬಹುದು. ಅದರಾಚೆಗಿನ ಭಾರತವನ್ನು ಅವಳು ಟೀವಿಯಲ್ಲಿ ಮಾತ್ರ ನೋಡಿದ್ದಾಳೆ. ಭಾವನಿಗೋ ಹೋಟೆಲಿಗೆ ಒಂದು ದಿನ ಬಾಗಿಲು ಹಾಕುವುದೆಂದರೆ ಮೈಮೇಲೆ ಮುಳ್ಳೇಳುತ್ತಿತ್ತು. ಇಬ್ಬರಿಗೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲು ಸರಿಯಾದ ನೆಪವಿತ್ತು, ಆದ್ದರಿಂದ ಜೀವನ ಸುಖವಾಗಿಯೇ ನಡೆಯಿತು.

ಕಷ್ಟ ಸುರುವಾದದ್ದು ಭಾವ ಹೋಟೆಲನ್ನು ನಡೆಸಲು ಬೇರೆಯವರಿಗೆ ಕೊಟ್ಟು ಮನೆಯಲ್ಲಿ ಕೂತ ಮೇಲೆ. ಒಂದು ಮಧ್ಯಾಹ್ನ ಟೀವಿಯಲ್ಲಿ ಗುಜರಾತಿನ ಕಚ್ಛದ ಉಪ್ಪಿನ ಬಯಲನ್ನು, ಬಿಳಿ ರಣವನ್ನು ತೋರಿಸುತ್ತಿದ್ದರು. ಕಣ್ಣು ಹಾಯುವಷ್ಟು ದೂರ ಬರೀ ಬಿಳುಪು. ಅಕ್ಕ ಕಾಯಿ ತುರಿಯುವುದನ್ನು ನಿಲ್ಲಿಸಿ ಟೀವಿಯ ತೀರಾ ಹತ್ತಿರ ಹೋಗಿ ನಿಂತಳು.

"ಅಷ್ಟೂ ಉಪ್ಪಾ?" ಎಂದಳು.

"ಅಷ್ಟೂ ಉಪ್ಪು," ಎಂದರು ಭಾವ.

"ಒಂದು ಸಲ ನೋಡ್ಬೇಕಿತ್ತು," ಎಂದಳು. ಅಷ್ಟೇ. ಮತ್ತೆ ಹೋಗಿ ಕಾಯಿ ತುರಿದಳು.

ನಲವತ್ತು ವರ್ಷಕ್ಕೂ ಮಿಕ್ಕಿದ ದಾಂಪತ್ಯದಲ್ಲಿ ಅಕ್ಕ ಗಂಡನ ಹತ್ತಿರ ಏನನ್ನಾದರೂ ಬೇಕು ಎಂದದ್ದನ್ನು ಭಾವ ಕೇಳಿದ್ದು ಅದೇ ಮೊದಲಂತೆ. ಜೊತೆಗೆ ಇನ್ನೊಂದು ಸಂಗತಿ ನಮಗೆಲ್ಲ ಗೊತ್ತಿತ್ತು. ಅವಳು ಟೀವಿಯ ಹತ್ತಿರ ಹೋಗಿ ನಿಂತದ್ದು ಸುಮ್ಮನೆ ಅಲ್ಲ. ಕಣ್ಣಿನ ಒತ್ತಡದ ಕಾಯಿಲೆ, ಗ್ಲಾಕೋಮಾ. ಬದಿಗಳಿಂದ ದೃಷ್ಟಿ ಕಿರಿದಾಗುತ್ತ ಬರುತ್ತದೆ, ಕಿಟಕಿಯ ಪರದೆಯನ್ನು ಎರಡೂ ಕಡೆಯಿಂದ ಯಾರೋ ಮೆಲ್ಲಗೆ ಎಳೆದ ಹಾಗೆ. ಎದುರಿನದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ವಾಶಿಯ ಡಾಕ್ಟರು ಡ್ರಾಪ್ಸ್ ಹಾಕುತ್ತಿರಿ ಎಂದಿದ್ದರು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಈಗಲೇ ಹೇಳಲಾಗದು ಎಂದೂ ಹೇಳಿದ್ದರು.

ಭಾವ ಆ ದಿನದಿಂದ ಯೋಚನೆಗೆ ಬಿದ್ದರು. ಅಕ್ಕನನ್ನು ಅಡುಗೆಮನೆಯಿಂದ ಹೊರಗೆ ತರಲಾಗದಿದ್ದರೆ ಅಡುಗೆಮನೆಯನ್ನೇ ಹೊರಗೆ ತೆಗೆದುಕೊಂಡು ಹೋಗುವುದು ಎಂಬ ಉಪಾಯ ಅವರಿಗೆ ಹೊಳೆದದ್ದು ವಾಶಿಯ ಒಂದು ಪ್ರದರ್ಶನದಲ್ಲಿ. ಅಲ್ಲೊಂದು ಮೋಟರ್‌ಹೋಮ್ ನಿಲ್ಲಿಸಿದ್ದರು. ಮಲಗಲು ಹಾಸಿಗೆ, ಚಿಕ್ಕ ಬಚ್ಚಲು, ನೀರಿನ ಟ್ಯಾಂಕು, ಒಲೆ, ಸಿಂಕು. ಭಾವ ಸಂಜೆ ನನಗೆ ಫೋನ್ ಮಾಡಿ ಕೂಗಿದರು: "ಪುಂಡರೀಕ, ಮನೆಗೆ ಚಕ್ರ ಹಾಕಿಟ್ಟಿದ್ದಾರೆ ಮಾರಾಯ! ನಾಳೆ ಬೆಳಿಗ್ಗೆ ಬಾ."

ಪುಂಡರೀಕಾಕ್ಷ ಎಂದು ಅಪ್ಪ ಇಟ್ಟ ಹೆಸರು ನನ್ನದು. ಭಾವ ಕರೆದ ಮೇಲೆ ನಾನು ಹೋಗಲೇಬೇಕಾಯಿತು, ಏಕೆಂದರೆ ನಿವೃತ್ತನಾದ ಭಾವಮೈದುನನಿಗೆ ಬೇರೆ ಕೆಲಸವಿರುತ್ತದೆಂದು ಯಾರೂ ನಂಬುವುದಿಲ್ಲ.

ಮೊದಲು ಹೊಸದನ್ನು ನೋಡಿದೆವು. ತುರ್ಭೆಯ ಕೈಗಾರಿಕಾ ವಸಾಹತಿನ ಒಂದು ವರ್ಕ್‌ಶಾಪಿನಲ್ಲಿ ವ್ಯಾನಿನ ಚಾಸಿಯ ಮೇಲೆ ಇವನ್ನು ಕಟ್ಟಿಕೊಡುತ್ತಾರೆ. ಭಾವನ ಮಗ ಪ್ರಥಮನೂ ಬಂದಿದ್ದ. ನಮ್ಮ ಪ್ರಥಮನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮರಾಠಿ, ಕೋಪ ಬಂದರೆ ಹಿಂದಿ.

"ಪಪ್ಪಾ, ನವೀನ್‌ಚ ಘ್ಯಾ. ವಾರಂಟಿ ತರೀ ಮಿಳೇಲ್," ಎಂದ. ಹೊಸದನ್ನೇ ತೆಗೆದುಕೊಳ್ಳಿ, ವಾರಂಟಿಯಾದರೂ ಸಿಗುತ್ತದೆ ಎಂದು. "ಬೇರೆಯವರ ತಲೆನೋವನ್ನು ನಾವ್ಯಾಕೆ ಕೊಂಡುಕೊಳ್ಳಬೇಕು" ಎಂಬರ್ಥದ ಇನ್ನೊಂದು ಮಾತನ್ನು ಹಿಂದಿಯಲ್ಲಿ ಸೇರಿಸಿದ.

ಅವನ ಮಾತು ತಪ್ಪಲ್ಲ. ಹೊಸ ಗಾಡಿ ಚೆನ್ನಾಗಿಯೇ ಇತ್ತು. ಒಲೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಯಾರೂ ಮುಟ್ಟದ ಸಿಂಕು, ಯಾರೂ ಮಲಗದ ಹಾಸಿಗೆ. ಭಾವ ಸಿಂಕಿನ ಅಂಚನ್ನು ಸವರಿ, "ಇದು ನಿನ್ನ ಅಕ್ಕನಿಗೆ ಹೇಳಿ ಮಾಡಿಸಿದ್ದು," ಎಂದರು. ಬೆಲೆ ಒಂದು ಫ್ಲ್ಯಾಟಿನಷ್ಟಿತ್ತು, ಅದಕ್ಕೂ ಅವರು ಹೆದರಲಿಲ್ಲ. ಹೆದರಿದ್ದು ಸೂಪರ್‌ವೈಸರನ ಮಾತಿಗೆ. ಆರ್ಡರು ಬಹಳ ಇವೆ, ಇವತ್ತು ಬುಕ್ ಮಾಡಿದರೆ ಮುಂದಿನ ದಸರಾದ ಹೊತ್ತಿಗೆ ಕೊಡಬಹುದು, ಸ್ವಲ್ಪ ಆಚೀಚೆ ಆದರೂ ಆಯಿತು ಎಂದ. ಆಗ ದೀಪಾವಳಿ ಹತ್ತಿರವಿತ್ತು. ಬಿಳಿ ರಣ ಬಿಳಿಯಾಗಿ ಕಾಣುವುದು ಚಳಿಗಾಲದಲ್ಲಿ ಮಾತ್ರ, ಮಳೆಗಾಲದಲ್ಲಿ ಅದೆಲ್ಲ ನೀರು. ಈ ಚಳಿ ತಪ್ಪಿದರೆ ಮುಂದಿನ ಚಳಿ. ಅಷ್ಟರಲ್ಲಿ ಅಕ್ಕನ ಪರದೆ ಎಲ್ಲಿಯವರೆಗೆ ಬಂದಿರುತ್ತದೋ ಯಾರಿಗೆ ಗೊತ್ತು.

ಹೊರಗೆ ಬಂದು ಭಾವ ಒಮ್ಮೆ ಆ ವರ್ಕ್‌ಶಾಪಿನ ಕಡೆ ತಿರುಗಿ ನೋಡಿದರು. ಆಮೇಲೆ, "ಹಳತು ನೋಡುವ," ಎಂದರು.

ಹಳೆಯದು ಸಿಕ್ಕಿದ್ದು ಠಾಣೆಯ ಘೋಡಬಂದರ್ ರಸ್ತೆಯಲ್ಲಿ. ದೊಡ್ಡ ಕಾಂಪ್ಲೆಕ್ಸೊಂದರ ಪಾರ್ಕಿಂಗಿನಲ್ಲಿ, ಮುಸುಕು ಹೊದಿಸಿ ನಿಲ್ಲಿಸಿದ್ದರು. ಮಾಲೀಕರು ಭುಜಂಗ ಶೆಟ್ಟರು, ಕಾಪು ಕಡೆಯವರು, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದವರು. ಅವರು ಗಾಲಿಕುರ್ಚಿಯಲ್ಲಿ ಕೂತೇ ಕೆಳಗೆ ಬಂದರು. ಪಾರ್ಶ್ವವಾಯುವಾಗಿ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರ ಹೆಂಡತಿ ಜಯಲತಾ ಮುಸುಕು ತೆಗೆದು ಎಲ್ಲ ತೋರಿಸಿದರು.

ಭಾವ ಗಾಡಿ ನೋಡಿದ ಚೆಂದ ನೋಡಬೇಕಿತ್ತು. ವಾಶಿಯ ಮಾರುಕಟ್ಟೆಯಿಂದ ದಿನಾ ಬೆಳಿಗ್ಗೆ ತಾವೇ ಟೆಂಪೋ ಓಡಿಸಿಕೊಂಡು ತರಕಾರಿ ತಂದ ಮನುಷ್ಯ. ಬದನೆಕಾಯಿ ಒತ್ತಿ ನೋಡುವ ಹಾಗೆ ಗೋಡೆಯ ಪ್ಲೈವುಡ್ಡನ್ನು ಮೂಲೆಮೂಲೆಯಲ್ಲಿ ಒತ್ತಿದರು, ಮಳೆನೀರು ಇಳಿದಿದ್ದರೆ ಮೆತ್ತಗಾಗಿರುತ್ತದೆಂದು. ಹಾಸಿಗೆಯ ಕೆಳಗೆ ತಲೆ ಹಾಕಿದರು. ಟಯರು ಓಡಿಲ್ಲ, ಆದರೆ ನಿಂತು ನಿಂತು ಬಿರುಕು ಬಿಟ್ಟಿದೆ, ಬದಲಿಸಬೇಕು ಎಂದರು. ಬ್ಯಾಟರಿ ಸತ್ತಿದೆ ಎಂದರು. ಉಳಿದದ್ದೆಲ್ಲ ಅವರಿಗೆ ಮನಸ್ಸಿಗೆ ಬಂತು. ಕೊನೆಗೆ, ಅಷ್ಟು ಹೊತ್ತು ಮುಂದೂಡಿದ್ದ ಪ್ರಶ್ನೆಯನ್ನು ಕೇಳಿದರು.

"ಅಡುಗೆ ಎಲ್ಲಾ ಇದರೊಳಗೇ ಮಾಡ್ತಿದ್ರಾ?"

"ಮತ್ತೆಂತ?" ಎಂದರು ಜಯಲತಾ. "ಇವರಿಗೆ ಮೀನಿಲ್ಲದೆ ಒಂದು ತುತ್ತು ಇಳೀಲಿಕ್ಕಿಲ್ಲ. ಹೋದಲ್ಲೆಲ್ಲ ಬಂದರು ಹುಡುಕುದೇ ಕೆಲಸ."

ಭಾವನ ಮುಖ ಸಪ್ಪೆಯಾಯಿತು. ಆದರೆ ಕೈ ಗಾಡಿಯ ಬಾಗಿಲನ್ನು ಬಿಡಲಿಲ್ಲ. ಎರಡೇ ದಿನದಲ್ಲಿ ವ್ಯವಹಾರ ಕುದುರಿಸಿಬಿಟ್ಟರು.

"ಅಕ್ಕನಿಗೆ ಹೇಳ್ತೀರಿ ತಾನೆ?" ಎಂದು ಕೇಳಿದೆ.

"ಹೇಳಿದ್ರೆ ಹತ್ತುತ್ತಾಳಾ?"

"ಹೇಳದೆ ಹತ್ತಿಸಿ, ಆಮೇಲೆ ಗೊತ್ತಾದ್ರೆ ಬದುಕ್ತೀರಾ?"

"ನೀನು ಬಾಯಿಗೆ ಬೀಗ ಹಾಕಿಕೋ, ಸಾಕು," ಎಂದರು.

ನನಗೆ ಸಿಟ್ಟು ಬಂತು. ಆದರೂ ಬೀಗ ಹಾಕಿಕೊಂಡೆ, ಏಕೆಂದರೆ ನನಗೂ ಅಕ್ಕ ಆ ಉಪ್ಪನ್ನು ನೋಡಬೇಕಿತ್ತು.

ತುರ್ಭೆಯ ಗ್ಯಾರೇಜಿನಲ್ಲಿ ಗಾಡಿಯನ್ನು ನಿಲ್ಲಿಸಿ ಭಾವ ಶುರು ಹಚ್ಚಿದರು. ಟಯರು, ಬ್ಯಾಟರಿ ಹಾಕಿಸಿದರು. ಒಲೆ ಕಿತ್ತು ಹೊಸ ಒಲೆ, ಸಿಂಕು ಕಿತ್ತು ಹೊಸ ಸಿಂಕು. ಪಾತ್ರೆ ಇಡುವ ಗೂಡುಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದರು, ಅರಿಶಿನದ ನೀರಿನಿಂದ ತೊಳೆದರು, ಪುರೋಹಿತರನ್ನು ಕರೆಸಿ ಪುಣ್ಯಾಹ ಮಾಡಿಸಿದರು. ಆಮೇಲೂ ನೆಮ್ಮದಿಯಿಲ್ಲದೆ ಸಾಂಬ್ರಾಣಿ ಹಾಕಿದರು. ಅದೂ ಸ್ವಲ್ಪ ಅಲ್ಲ, ಗ್ಯಾರೇಜಿನ ಮೆಕ್ಯಾನಿಕ್ ಕೆಮ್ಮಿಕೊಂಡು ಹೊರಗೆ ಓಡಿಬರುವಷ್ಟು.

ಗಾಡಿ ಘಣಸೋಲಿಯ ಬಿಲ್ಡಿಂಗಿನ ಮುಂದೆ ಬಂದು ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡು, ಭಾವನ ಕೈಹಿಡಿದು ಮೆಟ್ಟಿಲು ಹತ್ತಿದಳು. ಒಳಗೆ ನಿಂತು ಮೂಗರಳಿಸಿದಳು. ಕಣ್ಣು ಕಡಿಮೆಯಾದ ಹಾಗೆ ಅವಳ ಮೂಗು ಚುರುಕಾಗಿದೆ.

"ಇಷ್ಟು ಸಾಂಬ್ರಾಣಿ ಎಂತಕ್ಕೆ?"

"ಹಳೆ ಗಾಡಿ ಅಲ್ವಾ, ಮುಗ್ಗಲು ವಾಸನೆ ಇತ್ತು," ಎಂದರು ಭಾವ.

"ಯಾರದ್ದು ಗಾಡಿ?"

ಇಲ್ಲಿ ಸುಮ್ಮನೆ 'ಯಾರೋ ಒಬ್ಬರದ್ದು' ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅದಕ್ಕೆ ಒಗ್ಗರಣೆ ಹೆಚ್ಚು ಹಾಕಿಬಿಡುತ್ತಾರೆ. "ಘಾಟ್‌ಕೋಪರಿನ ಗುಜರಾತಿ ಜೈನರದ್ದು," ಎಂದರು ಭಾವ. "ಭಾರೀ ಕಟ್ಟುನಿಟ್ಟಿನವರು. ಬಟಾಟೆ ಸಹ ತಿನ್ನುದಿಲ್ಲ. ನೀರುಳ್ಳಿ, ಬೆಳ್ಳುಳ್ಳಿ ಮಾತೇ ಇಲ್ಲ. ಸೂರ್ಯ ಮುಳುಗಿದ ಮೇಲೆ ಒಲೆಯೇ ಹೊತ್ತಿಸುದಿಲ್ಲ."

ಅಕ್ಕ ಖುಷಿಯಾದಳು. "ಹಾಗಾದ್ರೆ ನಮಗಿಂತ ಮೇಲು," ಎಂದಳು. ಒಲೆಯ ಮೇಲೆ ಕೈಯಾಡಿಸಿದಳು. ಆ ವಾರವಿಡೀ ಅವಳು ಹಪ್ಪಳ, ಸಾರಿನಪುಡಿ, ಚಟ್ನಿಪುಡಿ ಎಂದು ಡಬ್ಬಿ ತುಂಬಿಸಿದ ಸಂಭ್ರಮವೇ ಸಂಭ್ರಮ. ಮದುವೆಯ ಮೊದಲಿನ ಅಕ್ಕನನ್ನು ನೋಡಿದ ಹಾಗಿತ್ತು. ಭಾವನಂತೂ ಅವಳು ಡಬ್ಬಿಗೆ ಮುಚ್ಚಳ ಹಾಕಿದ್ದಕ್ಕೂ ನಗುತ್ತಿದ್ದರು.

ಹೊರಡುವುದಕ್ಕೆ ಇನ್ನು ಸ್ವಲ್ಪವೇ ದಿನ ಇರುವಾಗ ಒಂದು ಬೆಳಿಗ್ಗೆ ಬಾಗಿಲ ಬೆಲ್ಲಾಯಿತು. ನಾನೂ ಅಲ್ಲೇ ಇದ್ದೆ. ಬಾಗಿಲು ತೆಗೆದರೆ ಶೆಟ್ಟರ ಹೆಂಡತಿ ಜಯಲತಾ! ಒಂದು ಕೈಯಲ್ಲಿ ಮಲ್ಲಿಗೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಗಾಡಿಯ ಇನ್ನೊಂದು ಕೀ. ಅಕ್ಕನನ್ನು ನೋಡಿದ ಕೂಡಲೇ ಬಾಯ್ತುಂಬ ನಕ್ಕು, "ಎಂಚ ಉಲ್ಲರ್ ಅಕ್ಕ?" ಎಂದು ತುಳುವಿನಲ್ಲಿ ಕ್ಷೇಮ ವಿಚಾರಿಸಿದರು. "ಈ ಕೀ ನಮ್ಮಲ್ಲೇ ಉಳಿದುಬಿಟ್ಟಿತ್ತು. ಮತ್ತೆ ಆ ನೀರಿನ ಪಂಪಿಗೆ ಸ್ವಲ್ಪ ಹಟ ಉಂಟು, ಎರಡು ಸಲ ಒತ್ತಬೇಕು, ಅದನ್ನು ಹೇಳಿರ್ಲಿಲ್ಲ."

ಅಕ್ಕ ಅವರನ್ನು ಕೂರಿಸಿದಳು. ಆಮೇಲೆ ಮೆಲ್ಲಗೆ ಗಂಡನ ಕಡೆ ತಿರುಗಿದಳು. "ಘಾಟ್‌ಕೋಪರಿನ ಜೈನರಿಗೆ ತುಳು ಬರ್ತದಾ?"

ಭಾವ ಬೆವರಿದರು. ಮುಳುಗುವವರು ಕೊನೆಯ ಸಲ ಕೈಬಡಿಯುವ ಹಾಗೆ, "ನಮ್ಮ ಕಾರ್ಕಳದ ಜೈನರೆಲ್ಲ ತುಳುವೇ ಮಾತಾಡುದಲ್ವಾ..." ಎಂದರು.

ಅದು ನಿಜವೇ. ಕಾರ್ಕಳದ ಜೈನರು ತುಳುವೇ ಮಾತಾಡುತ್ತಾರೆ. ಒಂದು ಕ್ಷಣ ನಾನೂ ಭಾವ ಬಚಾವಾದರು ಎಂದುಕೊಂಡೆ. ಆದರೆ ಜಯಲತಾ ಗಟ್ಟಿಯಾಗಿ ನಕ್ಕುಬಿಟ್ಟರು. "ಜೈನರಾ? ಅಯ್ಯೋ ದೇವರೇ! ನಾವು ಕಾಪುವಿನ ಶೆಟ್ಟರು ಅಕ್ಕ. ಆ ಗಾಡಿಯಲ್ಲಿ ನಾನು ಮಾಡಿದಷ್ಟು ಬಂಗುಡೆ ಮೀನು ಕಾಪುವಿನ ಮನೆಯಲ್ಲೂ ಮಾಡಿರ್ಲಿಕ್ಕಿಲ್ಲ."

ಯಾರೂ ನಗಲಿಲ್ಲ. ಜಯಲತಾ ನಮ್ಮ ಮುಖಗಳನ್ನು ನೋಡಿದರು, ಅಕ್ಕನ ಮುಖ ನೋಡಿದರು, ಅವರಿಗೆ ಎಲ್ಲ ಅರ್ಥವಾಯಿತು. ಎದ್ದು ನಿಂತರು.

"ಕೂತುಕೊಳ್ಳಿ," ಎಂದಳು ಅಕ್ಕ. "ಎಷ್ಟು ಸಲ ತಿರುಗಾಡಿದ್ರಿ ಅದರಲ್ಲಿ?"

ಜಯಲತಾ ಮತ್ತೆ ಕೂತರು. "ಒಂದೇ ಸಲ," ಎಂದರು. "ಇವರಿಗೆ ಹೊಸತೇ ಆಗ್ಬೇಕು ಅಂತ ಹಟ. ನಾನು ಹೇಳಿದೆ, ಯಾರದ್ದಾದ್ರೂ ಹಳತು ತೆಗೊಳ್ಳುವ, ಕಾಲು ಗಟ್ಟಿ ಇರುವಾಗ ಹೋಗಿಬರುವ ಅಂತ. ಕೇಳ್ಲಿಲ್ಲ. ಬುಕ್ ಮಾಡಿ ಎರಡು ಮಳೆಗಾಲ ಕಾದ್ವಿ. ಕಡೆಗೆ ಬಂತು. ಸೌರಾಷ್ಟ್ರ ಪೂರ ಸುತ್ತಿದ್ವಿ. ವೆರಾವಲ್ ಬಂದರಿನಲ್ಲಿ ಒಳ್ಳೆ ಬಂಗುಡೆ ಸಿಕ್ಕಿತ್ತು, ಗಾಡಿಯಲ್ಲೇ ಹುಳಿಖಾರ ಹಾಕಿ ಪುಳಿಮುಂಚಿ ಮಾಡಿ ಬಡಿಸಿದೆ. ಎರಡು ಸಲ ಹಾಕಿಸ್ಕೊಂಡ್ರು. ಮರುದಿನ ಏಳುವಾಗ ಕೈ ಬರ್ಲಿಲ್ಲ." ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು. "ತನ್ನ ಕೈಯಾರೆ ಅವರು ಉಂಡದ್ದು ಅದೇ ಕಡೇದ್ದು ಅಕ್ಕ. ಈಗ ನಾನೇ ತಿನ್ನಿಸ್ತೇನೆ."

ಅಕ್ಕ ಎದ್ದು ಮಲ್ಲಿಗೆಯ ಪೊಟ್ಟಣವನ್ನು ಅವರ ಕೈಯಿಂದ ತೆಗೆದುಕೊಂಡಳು. ಆಮೇಲೆ ಒಳಗೆ ಹೋಗಿ ಎಲೆ ಹಾಕಿದಳು. ಜಯಲತಾ ಬೇಡ ಬೇಡವೆಂದರೂ ಕೂರಿಸಿ ಬಡಿಸಿದಳು. ಅವರು ಹೊರಡುವಾಗ ಮಲ್ಲಿಗೆಯನ್ನು ಅಲ್ಲೇ ಮುಡಿದುಕೊಂಡಳು. ಅವರ ಸಂಗಡ ಲಿಫ್ಟಿನವರೆಗೆ ಹೋಗಿ ಬಂದಳು. ಬಾಗಿಲು ಹಾಕಿಕೊಂಡು ಗಂಡನ ಎದುರಿಗೆ ನಿಂತಳು.

"ಮೀನಿನ ವಿಷಯ ನಾನು ಮಾತಾಡುದಿಲ್ಲ," ಎಂದಳು. "ನನ್ನ ಹತ್ರ ಸುಳ್ಳು ಹೇಳಿದ್ರಲ್ಲ. ಇಷ್ಟು ವರ್ಷ ಆದ ಮೇಲೆ."

ಭಾವ ಏನೋ ಹೇಳಲು ಹೋದರು. ಅವಳು ಕೇಳಲು ನಿಲ್ಲಲಿಲ್ಲ.

ಆಮೇಲಿನ ದಿನಗಳು ಬಹಳ ಕಷ್ಟದವು. ಅಕ್ಕ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ. ತುಂಬಿಸಿಟ್ಟ ಡಬ್ಬಿಗಳು ಮೂಲೆಯಲ್ಲಿ ಹಾಗೇ ಕೂತಿದ್ದವು. ಭಾವ ಬಡವಾದರು. ಕೆಳಗೆ ಹೋಗಿ ಗಾಡಿಯ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದರು, ಬಿಲ್ಡಿಂಗಿನವರು ಏನಾಯಿತೆಂದು ಕೇಳಿದರೆ ಟಯರಿನ ಗಾಳಿ ನೋಡುವವರ ಹಾಗೆ ಬಗ್ಗುತ್ತಿದ್ದರು. ನಾನು ನಡುವೆ ಬಾಯಿ ಹಾಕಿ ಅಕ್ಕನಿಂದ ಸರಿಯಾಗಿ ಬೈಸಿಕೊಂಡೆ. ನನಗೂ ಗೊತ್ತಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಾಗಿತ್ತು.

ಕೊನೆಗೆ ಭಾವ ಒಂದು ತೀರ್ಮಾನಕ್ಕೆ ಬಂದರು. ಹಳೆಯದನ್ನು ಮಾರುವುದು, ಹೊಸದನ್ನು ಬುಕ್ ಮಾಡುವುದು. ಪ್ರಥಮನಿಗೆ ಸಮಾಧಾನವಾಯಿತು, 'ಮೀ ಸಾಂಗಿತಲಂ ಹೋತಂ ನಾ' ಎಂದ, ನಾನು ಮೊದಲೇ ಹೇಳಿದ್ದೆನಲ್ಲ ಎಂದು. ಭಾನುವಾರ ಊಟಕ್ಕೆ ನಾವೆಲ್ಲ ಕೂತಿದ್ದಾಗ ಭಾವ ತಟ್ಟೆ ನೋಡಿಕೊಂಡೇ ವಿಷಯ ತಿಳಿಸಿದರು. "ಯಾರೂ ಮುಟ್ಟದ್ದೇ ಬರ್ತದೆ. ನಿನಗೆ ಎಂತ ಸಂಶಯವೂ ಬೇಡ."

ಅಕ್ಕ ಸೌಟು ಹಿಡಿದುಕೊಂಡೇ ಕೇಳಿದಳು. "ಯಾವಾಗ ಬರ್ತದೆ?"

"ದಸರಾದ ಹೊತ್ತಿಗೆ. ಅಥವಾ ಸ್ವಲ್ಪ ಆಚೆ."

"ಮುಂದಿನ ಚಳಿಗೆ ಹೋಗುದು ಅಂತಾಯ್ತು."

"ಹೌದು."

"ಅಷ್ಟೊತ್ತಿಗೆ ನನಗೆ ಕಾಣ್ತದಾ?"

ಪ್ರಥಮ ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ. ಡಾಕ್ಟರು ಹೇಳದ ಮಾತನ್ನು ನಾವು ಹೇಗೆ ಹೇಳುವುದು. ಅಕ್ಕನಿಗೆ ಕಣ್ಣಿನ ವಿಚಾರದಲ್ಲಿ ಹೆದರಿಕೆ ಇದೆಯೆಂದು ನನಗೆ ತಿಳಿದದ್ದೇ ಆಗ. ಅಲ್ಲಿಯವರೆಗೆ ಅವಳು ಡ್ರಾಪ್ಸ್ ಹಾಕಿಕೊಳ್ಳುವುದನ್ನು ಅಡುಗೆಗೆ ಉಪ್ಪು ಹಾಕುವಷ್ಟೇ ಸಲೀಸಾಗಿ ಮಾಡುತ್ತಿದ್ದಳು.

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು ಕೂತಳು. "ಆ ಜಯಲತಾ ಹೇಳಿದ್ದು ಕೇಳಿದ್ರಲ್ಲ. ಹೊಸತಕ್ಕೆ ಕಾದು ಕಾದು ಅವರಿಗೆ ಎಂತ ಸಿಕ್ಕಿತು? ಹೊಸತು ಬೇಡ. ಅದೇ ಗಾಡಿಯಲ್ಲಿ ಹೋಗುವ."

ಭಾವ ತಲೆಯೆತ್ತಿದರು. ಅವರ ಮುಖದಲ್ಲಿ ಖುಷಿ ಪೂರ್ತಿ ಬರುವ ಮೊದಲೇ ಅಕ್ಕ ಕೈಯೆತ್ತಿ ತಡೆದಳು. "ಆದರೆ ಅದಕ್ಕಿಂತ ಮೊದಲು ನನ್ನನ್ನು ತುರ್ಭೆಗೆ ಕರ್ಕೊಂಡು ಹೋಗಿ. ನಿಮ್ಮ ಹೋಟೆಲಲ್ಲಿ ಉಣ್ಬೇಕು."

"ಎಂತ?"

"ಮೀನು ಬೇಯಿಸಿದ ಗಾಡಿಯಲ್ಲಿ ಉಣ್ತೇನಂತೆ, ಬರೀ ನೀರುಳ್ಳಿ ಬೇಯಿಸಿದ ಗಂಡನ ಹೋಟೆಲಲ್ಲಿ ಉಣ್ಣುದಿಲ್ಲವಂತೆ. ಅದು ಯಾವ ನ್ಯಾಯ? ನೀವು ಇಷ್ಟು ವರ್ಷ ಕೇಳ್ಲಿಲ್ಲ, ನಾನು ಬರ್ಲಿಲ್ಲ."

ಮರುದಿನ ಮಧ್ಯಾಹ್ನ ಹೋದೆವು. ಹೋಟೆಲು ಈಗ ಬೇರೆಯವರ ಕೈಯಲ್ಲಿದ್ದರೂ ಹಳೆಯ ಅಡುಗೆ ಭಟ್ಟ ಚನಿಯ ಅಲ್ಲೇ ಇದ್ದಾನೆ. ಅಡುಗೆಯವನು ಯಾವ ಜಾತಿಯವನಾದರೂ ನಮ್ಮ ಕಡೆ ಹೋಟೆಲಿನವರು ಭಟ್ಟ ಎಂದೇ ಕರೆಯುವುದು. ಅಮ್ಮ ಊಟಕ್ಕೆ ಬಂದಿದ್ದಾರೆಂದು ಕೇಳಿ ಅವನು ಸೌಟು ಹಿಡಿದುಕೊಂಡೇ ಹೊರಗೆ ಬಂದ, ನೋಡಿದ, ಮತ್ತೆ ಒಳಗೆ ಓಡಿದ. ಅಕ್ಕನನ್ನು ಫ್ಯಾನಿನ ಕೆಳಗೆ ಕೂರಿಸಿದರು. ಎದುರಿನ ಬೆಂಚಿನಲ್ಲಿ ಮೂಟೆ ಹೊರುವ ನಾಲ್ಕು ಜನ ಉಣ್ಣುತ್ತಿದ್ದರು, ಅವರು ಸ್ವಲ್ಪ ಸರಿದು ಕೂತರು. ಭಾವ ಯಾರನ್ನೂ ಹತ್ತಿರ ಬಿಡಲಿಲ್ಲ. ಪಂಚೆ ಮೇಲೆ ಕಟ್ಟಿ, ಬಕೆಟ್ ಹಿಡಿದು, ತಾವೇ ಬಡಿಸಿದರು. ಅನ್ನ, ಸಾರು, ಪಲ್ಯ, ಮಜ್ಜಿಗೆ.

ಮೊದಲ ತುತ್ತು ಅಕ್ಕನ ಗಂಟಲಲ್ಲಿ ನಿಂತಿತು. ಅವಳು ಕಣ್ಣು ಮುಚ್ಚಿದಳು. ಅವಳ ಹಣೆಯಲ್ಲಿ ಬೆವರು ಕಂಡಿತು. "ಬೇಡ, ಬಿಡು ಭಾಮಾ," ಎಂದರು ಭಾವ, ಎಲ್ಲರ ಎದುರಿಗೆ, ಮನೆಯಲ್ಲೂ ನಾನು ಎಂದೂ ಕೇಳದ ಹೆಸರಿನಲ್ಲಿ. ಅವಳು ತಲೆಯಾಡಿಸಿದಳು, ಮಜ್ಜಿಗೆ ಕುಡಿದಳು, ತುತ್ತು ಇಳಿಸಿದಳು. ಎರಡನೆಯದನ್ನೂ ಇಳಿಸಿದಳು. ಅರ್ಧ ಉಂಡು ಕೈ ನಿಲ್ಲಿಸಿ, ಅಡುಗೆಮನೆಯ ಕಡೆ ನೋಡಿ, "ಸಾರಿಗೆ ಇಂಗು ಹೆಚ್ಚಾಯ್ತು," ಎಂದಳು.

"ಹೌದಮ್ಮ, ನಾನೂ ಹೇಳ್ತಾನೇ ಇದ್ದೆ. ಧಣಿಗಳು ಕೇಳುದಿಲ್ಲ," ಎಂದು ಒಳಗಿನಿಂದ ಚನಿಯ ಕೂಗಿದ.

ಭಾವ ಬಕೆಟನ್ನು ಕೆಳಗಿಟ್ಟು ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋದರು. ಗೋಡೆಯ ಕಡೆ ಮುಖ ಮಾಡಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಕೈ ತೊಳೆದರು. ನಾನು ಆ ಕಡೆ ನೋಡಲಿಲ್ಲ.

ಮುಂದಿನ ವಾರ ಹೊರಟೆವು. ಭಾವ ಸ್ಟೇರಿಂಗ್ ಹಿಡಿದರು, ಅಕ್ಕ ಪಕ್ಕದಲ್ಲಿ ಕೂತಳು. ನಾನು ಹಿಂದಿನ ಬೆಂಚಿನಲ್ಲಿ, ಹಪ್ಪಳದ ಡಬ್ಬಿಗಳ ನಡುವೆ. ಹೊಸ ಗಾಡಿಯಾಗಿದ್ದರೆ ಬೆಂಚು ಇಷ್ಟು ಕಿರಿದಿರುತ್ತಿರಲಿಲ್ಲ ಎಂದು ನಾನು ಗುಜರಾತಿನ ಗಡಿ ದಾಟುವವರೆಗೂ ಗೊಣಗಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಂಪಿಗೆ ಎರಡು ಸಲ ಒತ್ತಬೇಕಾಗುತ್ತಿತ್ತು. ಹೆದ್ದಾರಿಯ ಪಕ್ಕದಲ್ಲಿ ಮರದ ನೆರಳು ಸಿಕ್ಕಿದಾಗ ಭಾವ ಗಾಡಿ ನಿಲ್ಲಿಸುತ್ತಿದ್ದರು. ಅಕ್ಕ ಸ್ನಾನ ಮುಗಿಸಿ ಒಲೆ ಹೊತ್ತಿಸುತ್ತಿದ್ದಳು. ಅವಳ ಅಡುಗೆಯನ್ನು ಬಿಸಿಬಿಸಿಯಾಗಿ ಮನೆಯಿಂದ ಅಷ್ಟು ದೂರದಲ್ಲಿ ಕೂತು ನಾನು ಮೊದಲ ಸಲ ಉಂಡೆ. ವಡೋದರೆಯ ಆಚೆ ಎಲ್ಲೋ ಒಂದು ಕಡೆ, ಅನ್ನ ಬೇಯುತ್ತಿದ್ದಾಗ, ಅವಳು ಜಯಲತಾ ಅವರಿಗೆ ಫೋನ್ ಮಾಡಿ ಭುಜಂಗ ಶೆಟ್ಟರ ಆರೋಗ್ಯ ಕೇಳಿದಳು. "ನಿಮ್ಮ ಗಾಡಿ ಚೆನ್ನಾಗಿ ಓಡ್ತಾ ಉಂಟು ಅಂತ ಅವರಿಗೆ ಹೇಳಿ," ಎಂದಳು.

ರಣದ ಅಂಚಿನ ಹಳ್ಳಿ ಧೋರಡೋ ಮುಟ್ಟಿದ್ದು ಮಧ್ಯಾಹ್ನ ಇಳಿಯುತ್ತಿದ್ದ ಹೊತ್ತಿಗೆ. ಗಾಡಿ ನಿಲ್ಲಿಸುವ ಜಾಗದಿಂದ ನಡೆದುಕೊಂಡೇ ಹೋಗಬೇಕು. ಅಕ್ಕ ಚಪ್ಪಲಿ ಬಿಚ್ಚಿದಳು. ಕಾಲ ಕೆಳಗೆ ಉಪ್ಪು ಕರಕರ ಎನ್ನುತ್ತಿತ್ತು. ಅವಳು ಬಗ್ಗಿ ಒಂದು ಚಿಟಿಕೆ ಎತ್ತಿ ನಾಲಿಗೆಗೆ ಇಟ್ಟುಕೊಂಡಳು. "ಉಪ್ಪೇ," ಎಂದಳು, ಯಾರೋ ಅಲ್ಲವೆಂದು ವಾದಿಸಿದ್ದರೇನೋ ಎಂಬಂತೆ. ಮಡಿ, ಮೈಲಿಗೆ, ಸಾವಿರ ಜನ ತುಳಿದ ನೆಲ, ಯಾವುದೂ ಅವಳಿಗೆ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.

ನ್ಯಾಯವಾಗಿ ಅವರಿಬ್ಬರನ್ನು ಬಿಟ್ಟು ನಾನು ಆಚೆ ಹೋಗಬೇಕಿತ್ತು, ಹೋಗಲಿಲ್ಲ. ಅಕ್ಕ ನಿಂತು ನೋಡಿದಳು. ಬಿಳುಪು ಎಲ್ಲಿ ಮುಗಿದು ಆಕಾಶ ಎಲ್ಲಿ ಸುರುವಾಯಿತೆಂದು ನನ್ನ ಒಳ್ಳೆಯ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಭಾವ ಅವಳ ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತಿದ್ದರು, ಅವಳ ನೋಟಕ್ಕೆ ಅಡ್ಡ ಬರಬಾರದೆಂದು. ಅವರಿಗೆ ಉಪ್ಪಿನ ಮೇಲೆ ಗಮನವೇ ಇರಲಿಲ್ಲ. ಹೆಂಡತಿಯ ಕಣ್ಣನ್ನೇ ನೋಡುತ್ತಿದ್ದರು.

"ಕಾಣ್ತದಾ?" ಎಂದು ಕೇಳಿದರು.

"ಕಾಣ್ತದೆ."

"ಆ ಕಡೆ ತನಕ ಕಾಣ್ತದಾ? ಪೂರ?"

ಅಕ್ಕ ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆಮೇಲೆ ಕೈಚಾಚಿ ಗಾಳಿಯಲ್ಲಿ ಏನನ್ನೋ ಹುಡುಕಿದಳು.

"ಉಪ್ಪು ಕಾಣ್ತದೆ. ನೀವೇ ಕಾಣ್ತಾ ಇಲ್ಲ. ಎಲ್ಲಿದ್ದೀರಿ? ಎದುರಿಗೆ ಬನ್ನಿ."

ಭಾವ ಹೋಗಿ ಅವಳ ಎದುರಿಗೆ ನಿಂತರು. ಆ ದೊಡ್ಡ ಬಿಳುಪಿಗೆ ಬೆನ್ನು ಹಾಕಿ, ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದೆ.

"ನೋಡ್ಲಿಕ್ಕೆ ಬಂದದ್ದಕ್ಕೆ ಅಡ್ಡ ನಿಂತ ಹಾಗಾಯ್ತಲ್ಲ," ಎಂದರು.

"ಆಗ್ಲಿ," ಎಂದಳು ಅಕ್ಕ. "ಅಲ್ಲೇ ನಿಲ್ಲಿ."